ಹೆದರಿದ ಕಾಲು, ಹಿಂದಿನ ಗಾಲಿ

ನನ್ನ ಅಕ್ಕನ ಮಗ ಜರ್ಮನಿಯ ಸ್ಟಟ್‌ಗಾರ್ಟಿನಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ನಾನು ಅವನಲ್ಲಿಗೆ ಹೋಗಿದ್ದಾಗ, ಹೋದ ಮೂರನೆಯ ದಿನವೇ ಅಂಚೆಯಲ್ಲಿ ಎರಡು ಪೊಟ್ಟಣಗಳು ಬಂದವು. ಒಂದರಲ್ಲಿ ಒಂದು ಅಡಿಯಷ್ಟು ಉದ್ದದ, ಹೆಬ್ಬೆರಳು ದಪ್ಪದ ಎರಡು ಉಕ್ಕಿನ ಸರಳುಗಳಿದ್ದವು. ಎರಡು ತುದಿಗೂ ಒಂದೊಂದು ಕಣ್ಣು, ಕಣ್ಣಿನೊಳಗೆ ಉರುಳುವ ಉಕ್ಕಿನ ಗುಂಡು. ಎರಡನೆಯ ಪೊಟ್ಟಣವನ್ನು ಅವನು ಬಿಚ್ಚಲಿಲ್ಲ. ಮೊದಲನೆಯದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಹೊಸದಾಗಿ ಮಾಡಿಸಿದ ಒಡವೆಯನ್ನು ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡತೊಡಗಿದ.

"ಇದೇನೋ?" ಎಂದೆ.

"ಟೋ ಲಿಂಕು ಮಾಮ. ಹಿಂದಿನ ಗಾಲೀದು. ಹಳೇದು ತೆಗೆದು ಇದು ಹಾಕ್ತೀನಿ" ಎಂದ.

ಅವನ ಹತ್ತಿರ ಮೂವತ್ತು ವರ್ಷ ಹಳೆಯದಾದ ಒಂದು ಕ್ರೀಡಾ ಕಾರಿದೆ. ಎರಡು ಬಾಗಿಲು, ಹಿಂದೆ ಮಕ್ಕಳು ಮಾತ್ರ ಕೂರಬಹುದಾದ ಎರಡು ಪುಟ್ಟ ಸೀಟು. ಯಾವ ಕಂಪನಿಯದೆಂದು ಹೇಳುವ ಅಗತ್ಯವಿಲ್ಲ. ಮೂವತ್ತು ವರ್ಷ ದುಡಿದ ರಬ್ಬರು ಯಾರ ಕಾರಿನದಾದರೂ ಒಂದೇ. ಈ ಸರಳುಗಳು ಯಾಕೆ ಬಂದವೆಂಬುದನ್ನು ಹುಡುಗ ನನಗೆ ಹೇಳಲಿಲ್ಲ. ಅವನು ಆಫೀಸಿಗೆ ಹೋದ ಮೇಲೆ ಅವನ ಹೆಂಡತಿ ಹೇಳಿದಳು. ಹಿಂದಿನ ಅಕ್ಟೋಬರಿನಲ್ಲಿ ಮಳೆ ಹನಿಯುತ್ತಿದ್ದ ಒಂದು ಸಂಜೆ ಅವನು ಹೆದ್ದಾರಿಯಿಂದ ಇಳಿಯುವ ಸುತ್ತುದಾರಿಯಲ್ಲಿ ಸ್ವಲ್ಪ ವೇಗವಾಗಿಯೇ ಬಂದನಂತೆ. ತಿರುವು ಮುಗಿಯುವ ಬದಲು ಇನ್ನೂ ಬಿಗಿಯಾಯಿತು. ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲೆತ್ತಿದ. ಕಾಲೆತ್ತಿದ್ದೇ ತಡ, ಹಿಂಭಾಗ ಹೊರಕ್ಕೆ ಜಾರಿ, ಕಾರು ಬುಗುರಿಯಂತೆ ಸುತ್ತಿ, ಬಂದ ದಾರಿಗೇ ಮುಖಮಾಡಿ ನಿಂತಿತು. ಹಿಂದೆ ಯಾವ ವಾಹನವೂ ಇರಲಿಲ್ಲ. ಅಷ್ಟೇ ಪುಣ್ಯ. ಆವತ್ತಿನಿಂದ ನಾಲ್ಕು ವರ್ಷದ ಮಗಳನ್ನು ಆ ಕಾರಿನಲ್ಲಿ ಕೂರಿಸಲು ಅವಳು ಬಿಟ್ಟಿಲ್ಲ.

"ಹೆದರಿದಾಗ ಕಾಲೆತ್ತಬಾರದಿತ್ತು ಅಂತ ಇವರ ಸ್ನೇಹಿತರೆಲ್ಲ ಹೇಳ್ತಾರೆ ಮಾವ. ಹೆದರಿದಾಗ ಕಾಲೆತ್ತದೆ ಇನ್ನೇನು ಮಾಡ್ತಾರೆ?" ಎಂದು ಕೇಳಿದಳು.

ಪಾಲಿಟೆಕ್ನಿಕ್ಕಿನಲ್ಲಿ ಬಹಳ ವರ್ಷ ಮೆಕ್ಯಾನಿಕಲ್ ವಿಭಾಗದ ಹುಡುಗರಿಗೆ ಪಾಠ ಹೇಳಿದವನು ನಾನು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಅವಳಿಗೆ ಆ ದಿನ ಕೊಟ್ಟದ್ದು ಅರ್ಧ ಉತ್ತರ. ಪೂರ್ತಿ ಉತ್ತರಕ್ಕೆ ಎಪ್ಪತ್ತು ಎಂಬತ್ತು ವರ್ಷಗಳ ಚರಿತ್ರೆ ಬೇಕು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ 'ಟೋ' ಎಂದರೇನೆಂದು ನೋಡೋಣ. ಇಂಗ್ಲಿಷಿನಲ್ಲಿ ಅದು ಕಾಲ್ಬೆರಳು. ನೀವು ಎದ್ದು ನಿಂತು ನಿಮ್ಮ ಪಾದಗಳನ್ನು ನೋಡಿಕೊಳ್ಳಿ. ಎರಡು ಹೆಬ್ಬೆರಳುಗಳೂ ಒಂದನ್ನೊಂದು ನೋಡುವಂತೆ ಒಳಕ್ಕೆ ತಿರುಗಿದ್ದರೆ ಅದು ಟೋ ಇನ್. ಹೊರಕ್ಕೆ ತಿರುಗಿದ್ದರೆ ಟೋ ಔಟ್. ಕಾರಿನ ಗಾಲಿಗೂ ಇದೇ ಲೆಕ್ಕ. ಮೇಲಿನಿಂದ ನೋಡಿದಾಗ ಗಾಲಿಯ ಮುಂಭಾಗ ಒಳಕ್ಕೋ ಹೊರಕ್ಕೋ ಎಂಬುದಷ್ಟೇ. ಅಳತೆ ಬಹಳ ಸಣ್ಣದು, ಒಂದು ಡಿಗ್ರಿಯ ಹತ್ತನೆಯ ಒಂದು ಪಾಲು, ಎರಡು ಪಾಲು. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಗಾಲಿ 0.1 ಡಿಗ್ರಿ ವಾರೆಯಾಗಿದ್ದರೂ ಒಂದು ಕಿಲೋಮೀಟರು ಓಡುವಷ್ಟರಲ್ಲಿ ಅದು ಹೋಗಬಯಸುವ ಜಾಗ ನೇರ ದಾರಿಯಿಂದ 1.75 ಮೀಟರು ಪಕ್ಕಕ್ಕಿರುತ್ತದೆ. ಎಡಗಾಲಿ, ಬಲಗಾಲಿ ಎರಡೂ ಸಮನಾಗಿ ಒಳಕ್ಕೆ ನೋಡುತ್ತಿದ್ದರೆ ಒಂದರ ಹಟವನ್ನು ಇನ್ನೊಂದು ತಡೆದು ಕಾರು ನೇರ ಹೋಗುತ್ತದೆ. ತಿರುವಿನಲ್ಲಿ ಭಾರವೆಲ್ಲ ಹೊರಬದಿಯ ಗಾಲಿಯ ಮೇಲೆ ಬಿದ್ದಾಗ ಮಾತ್ರ ಅದರ ಮಾತೇ ನಡೆಯುತ್ತದೆ. ಆಗ ಆ ಗಾಲಿಯ ಬೆರಳು ಒಳಕ್ಕಿದ್ದರೆ ಕಾರಿನ ಬಾಲ ದಾರಿಯಲ್ಲಿ ಉಳಿಯುತ್ತದೆ; ಹೊರಕ್ಕಿದ್ದರೆ ಬಾಲವೂ ಹೊರಕ್ಕೆ.

ಮುಂದಿನ ಗಾಲಿಗಳನ್ನು ನಾವು ಸ್ಟೀರಿಂಗಿನಿಂದ ತಿರುಗಿಸುತ್ತೇವೆ, ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ ಎಂದು ಎಲ್ಲರೂ ನಂಬಿದ್ದೇವೆ. ಹಿಂದಿನ ಗಾಲಿಯೂ ತಿರುಗುತ್ತದೆ. ಚಾಲಕನನ್ನು ಕೇಳದೆ ತಿರುಗುತ್ತದೆ ಎಂಬುದೇ ವ್ಯತ್ಯಾಸ.

ಎತ್ತಿನ ಗಾಡಿಯಲ್ಲಿ ಈ ತೊಂದರೆಯಿಲ್ಲ. ಎರಡು ಗಾಲಿಗೂ ಒಂದೇ ಅಚ್ಚು. ನಮ್ಮ ಅಂಬಾಸಡರ್ ಕಾರಿನಲ್ಲೂ ಹೀಗೆಯೇ: ಹಿಂದಿನ ಎರಡು ಗಾಲಿಗಳ ನಡುವೆ ಒಂದೇ ಗಟ್ಟಿ ಆಕ್ಸಲು, ಅದನ್ನು ಹೊರುವ ಪಟ್ಟಿ ಸ್ಪ್ರಿಂಗುಗಳು. ಅಂಥ ಕಾರಿನಲ್ಲಿ ಒಂದು ಗಾಲಿ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತದೆ, ಕೂತವರ ಸೊಂಟ ನೋಯುತ್ತದೆ. ಆದರೆ ಗಾಲಿಗಳ ಬೆರಳು ಮಾತ್ರ ಇಟ್ಟಲ್ಲೇ ಇರುತ್ತದೆ. ಸೊಂಟ ಉಳಿಸಿಕೊಳ್ಳಬೇಕೆಂಬ ಆಸೆಯಿಂದಲೇ ಉಳಿದ ಕಥೆಯೆಲ್ಲ ಹುಟ್ಟಿತು.

ಗಟ್ಟಿ ಆಕ್ಸಲನ್ನು ನಡುವೆ ಮುರಿದು, ಪ್ರತಿ ಗಾಲಿಯೂ ತನ್ನಷ್ಟಕ್ಕೆ ಏರಿಳಿಯುವಂತೆ ಮಾಡುವ ಉಪಾಯಕ್ಕೆ ಆಸ್ಟ್ರಿಯದ ಎಡ್ಮಂಡ್ ರುಂಪ್ಲರ್ 1903ರಲ್ಲಿ ಪೇಟೆಂಟು ಪಡೆದ. ಇದಕ್ಕೆ ಸ್ವಿಂಗ್ ಆಕ್ಸಲ್ ಎಂದು ಹೆಸರು. ಹಕ್ಕಿ ರೆಕ್ಕೆ ಬಡಿಯುವಂತೆ ಎರಡು ಅರ್ಧ ಅಚ್ಚುಗಳು ನಡುವಿನ ಗೇರಿನ ಪೆಟ್ಟಿಗೆಯಿಂದ ಮೇಲೆ ಕೆಳಗೆ ಆಡುತ್ತವೆ. ಫೋಕ್ಸ್‌ವ್ಯಾಗನ್ ಬೀಟಲ್ ಇದನ್ನೇ ಬಳಸಿತು. 1948ರಲ್ಲಿ ಹುಟ್ಟಿದ ಪೋರ್ಶೆಯ ಮೊದಲ ಕಾರು 356 ಕೂಡ.

ನಮ್ಮವರೂ ಇದನ್ನು ಕಂಡಿದ್ದಾರೆ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ಸ್‌ನವರು 1961ರಿಂದ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಹಿಂಭಾಗ ಸ್ವಿಂಗ್ ಆಕ್ಸಲಿನದು. ನಾನು ಚಿಕ್ಕವನಿದ್ದಾಗ ಶಿವಮೊಗ್ಗದಲ್ಲಿ ನಮ್ಮ ಮನೆಯ ಹತ್ತಿರದ ಗ್ಯಾರೇಜಿಗೆ ವೈದ್ಯರೊಬ್ಬರ ಹೆರಾಲ್ಡ್ ಬರುತ್ತಿತ್ತು. ಜಾಕು ಹಚ್ಚಿ ಹಿಂಭಾಗವನ್ನು ಎತ್ತಿದರೆ ಎರಡು ಗಾಲಿಗಳೂ ಕೆಳಗೆ ಜೋತು, ಚಳಿಗೆ ಮಂಡಿ ಮಡಚಿಕೊಂಡವರಂತೆ ಒಳಕ್ಕೆ ಸೇರಿಕೊಳ್ಳುತ್ತಿದ್ದವು. ಅದನ್ನು ನೋಡಲೆಂದೇ ನಾವು ಹುಡುಗರು ನಿಲ್ಲುತ್ತಿದ್ದೆವು. ಮೇಸ್ತ್ರಿ ಅದನ್ನು 'ಮುದುಡೋ ಗಾಡಿ' ಎನ್ನುತ್ತಿದ್ದ. 1972ರಲ್ಲಿ ಅದೇ ಕಂಪನಿಯವರು ತಂದ ಗೆಝೆಲ್ ಕಾರಿನಲ್ಲಿ ಮತ್ತೆ ಗಟ್ಟಿ ಆಕ್ಸಲಿಗೇ ಹಿಂದಿರುಗಿದರು.

ಜಾಕಿನ ಮೇಲೆ ಕಂಡ ಆ ಮುದುಡುವಿಕೆ ತಿರುವಿನಲ್ಲಿಯೂ ಆಗಬಹುದು. ವೇಗವಾಗಿ ತಿರುಗುವಾಗ ಹೊರಗಿನ ಗಾಲಿಯ ಹಿಡಿತವೇ ಕಾರಿನ ಹಿಂಭಾಗವನ್ನು ಮೇಲಕ್ಕೆ ಒತ್ತುತ್ತದೆ. ಚಾಲಕ ಕಾಲೆತ್ತಿದರೆ ಭಾರ ಮುಂದಕ್ಕೆ ಸರಿದು ಹಿಂಭಾಗ ಇನ್ನಷ್ಟು ಹಗುರಾಗುತ್ತದೆ. ಗಾಲಿ ಒಳಕ್ಕೆ ಮಡಚಿ, ಟಯರಿನ ಅಂಚು ಮಾತ್ರ ನೆಲಕ್ಕೆ ತಾಗಿ, ಹಿಡಿತ ಒಮ್ಮೆಲೇ ಹೋಗುತ್ತದೆ. ಗಾಲಿಗಳ ಮೇಲಿನ ಭಾರ, ಟಯರಿನ ಗಾಳಿ, ರಸ್ತೆ ಎಲ್ಲ ಸರಿಯಿದ್ದರೆ ಇದು ಜೀವಮಾನದಲ್ಲಿ ಒಮ್ಮೆಯೂ ಆಗದಿರಬಹುದು.

ಆಗಿಯೇ ಆದದ್ದು ಅಮೆರಿಕದಲ್ಲಿ ದೊಡ್ಡ ವಿಷಯವಾಯಿತು. ಜನರಲ್ ಮೋಟಾರ್ಸ್ ಕಂಪನಿಯ ಶೆವ್ರೊಲೆ ವಿಭಾಗ 1960ನೆಯ ಇಸವಿಯ ಮಾದರಿಯಾಗಿ ಕೊರ್ವೇರ್ ಎಂಬ ಕಾರನ್ನು ತಂದಿತು. ಎಂಜಿನು ಹಿಂದೆ, ಹಿಂದಿನ ಗಾಲಿಗಳಿಗೆ ಸ್ವಿಂಗ್ ಆಕ್ಸಲ್. ಬಾಲ ಜಾರದಿರಲೆಂದು ಅವರು ಟಯರಿನ ಗಾಳಿಯಿಂದ ಉಪಾಯ ಮಾಡಿದ್ದರು: ಮುಂದೆ 15 ಪೌಂಡು, ಹಿಂದೆ 26 ಪೌಂಡು ಹಾಕಬೇಕು. ಈ ಲೆಕ್ಕ ಮಾಲೀಕನ ಕೈಪಿಡಿಯಲ್ಲಿತ್ತು. ಆದರೆ ಪೆಟ್ರೋಲು ಬಂಕಿನಲ್ಲಿ ಗಾಳಿ ಹಾಕುವ ಹುಡುಗ ಕೈಪಿಡಿ ಓದುವನೇ? ನಾಲ್ಕಕ್ಕೂ ಒಂದೇ ಸಮ ಹಾಕಿ ಕಳಿಸಿದರೆ ಎಂಜಿನಿಯರರ ಉಪಾಯ ಅಲ್ಲಿಗೆ ಮುಗಿಯಿತು.

ರಾಲ್ಫ್ ನೇಡರ್ ಎಂಬ ತರುಣ ವಕೀಲ 1965ರ ಕೊನೆಯಲ್ಲಿ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಪುಸ್ತಕ ಪ್ರಕಟಿಸಿದ. ಅದರ ಮೊದಲ ಅಧ್ಯಾಯವೇ ಕೊರ್ವೇರಿನದು. ಅಪಘಾತವಾದಾಗಲೆಲ್ಲ ಚಾಲಕನ ಮೇಲೆ ತಪ್ಪು ಹೊರಿಸುವುದು ಅಲ್ಲಿಯವರೆಗೆ ನಡೆದುಬಂದ ಪದ್ಧತಿ. ಕಾರನ್ನು ಮಾಡಿದವರೂ ಉತ್ತರ ಹೇಳಬೇಕು ಎಂಬುದು ಅವನ ವಾದ. ಕಂಪನಿ ಅವನ ಹಿಂದೆ ಪತ್ತೇದಾರರನ್ನು ಬಿಟ್ಟದ್ದು ಬಯಲಾಗಿ, 1966ರ ಮಾರ್ಚಿನಲ್ಲಿ ಅದರ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಹನ ಸುರಕ್ಷತಾ ಕಾನೂನು ಬಂತು.

ಕಥೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 1964ರಲ್ಲಿ ಕಂಪನಿಯವರು ಕೊರ್ವೇರಿಗೆ ಅಡ್ಡ ಪಟ್ಟಿ ಸ್ಪ್ರಿಂಗು ಸೇರಿಸಿದ್ದರು. 1965ರ ಮಾದರಿಯಲ್ಲಿ ಸ್ವಿಂಗ್ ಆಕ್ಸಲನ್ನೇ ಬಿಟ್ಟಿದ್ದರು. ಅಂದರೆ ಪುಸ್ತಕ ಬರುವ ಹೊತ್ತಿಗೆ ದೋಷ ತಿದ್ದಿಯಾಗಿತ್ತು. 1972ರಲ್ಲಿ ಸರ್ಕಾರದ್ದೇ ವರದಿ, ಹಳೆಯ ಕೊರ್ವೇರ್ ಆ ಕಾಲದ ಬೇರೆ ಕಾರುಗಳಿಗಿಂತ ಕೆಟ್ಟದ್ದೇನೂ ಆಗಿರಲಿಲ್ಲ ಎಂದಿತು. ನನಗೆ ಇದರಲ್ಲಿ ಸಮಾಧಾನ ಕಾಣುವುದಿಲ್ಲ. ಬೇರೆಯವೂ ಹಾಗೆಯೇ ಇದ್ದವೆಂದರೆ, ಹೆದರಿ ಕಾಲೆತ್ತಿದವನಿಗೆ ಯಾವ ಕಾರಿನಲ್ಲೂ ರಕ್ಷಣೆ ಇರಲಿಲ್ಲವೆಂದೇ ಅರ್ಥ.

ಇನ್ನು ನಾನು ಇಳಿದುಕೊಂಡಿದ್ದ ಊರಿನ ಕಾರಿಗೆ ಬರುತ್ತೇನೆ. ಸ್ಟಟ್‌ಗಾರ್ಟಿನ ಪೋರ್ಶೆಯವರು 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಹೊಸ ಕಾರೊಂದನ್ನು ತೋರಿಸಿದರು. ಅದೇ ಮುಂದೆ 911 ಎಂದು ಹೆಸರಾಯಿತು. ಇದರಲ್ಲಿ ಸ್ವಿಂಗ್ ಆಕ್ಸಲ್ ಇಲ್ಲ. ಪ್ರತಿ ಗಾಲಿಯನ್ನೂ ಮುಂದಿನಿಂದ ಓರೆಯಾಗಿ ಚಾಚಿದ ಒಂದು ತೋಳು ಹಿಡಿದಿರುತ್ತದೆ. ಗಾಲಿ ಮಡಚಿಕೊಳ್ಳುವ ಭಯ ಬಹುಮಟ್ಟಿಗೆ ಹೋಯಿತು. ಆದರೆ ಎಂಜಿನು ಹಿಂದಿನ ಗಾಲಿಗಳಿಗಿಂತಲೂ ಹಿಂದೆ ನೇತಾಡುತ್ತಿತ್ತು. ಬಾಲ ಭಾರವಾದ ಕಾರು ಒಮ್ಮೆ ಜಾರತೊಡಗಿದರೆ ನಿಲ್ಲಿಸುವುದು ಕಷ್ಟ. ಅದಕ್ಕೆ ಮೊದಮೊದಲು ಮಾಡಿದ ಪರಿಹಾರ ಕೇಳಿದರೆ ನಗು ಬರುತ್ತದೆ. ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿ ತಲಾ 11 ಕಿಲೋ ತೂಕದ ಕಬ್ಬಿಣದ ಗಟ್ಟಿಗಳನ್ನು ಇಟ್ಟರು! ತಕ್ಕಡಿ ಸರಿಮಾಡಲು ಕಲ್ಲಿಟ್ಟ ಹಾಗೆ. ಆಮೇಲೆ 1969ರ ಮಾದರಿಯಲ್ಲಿ ಹಿಂದಿನ ಗಾಲಿಗಳನ್ನು 57 ಮಿಲಿಮೀಟರು ಹಿಂದಕ್ಕೆ ಸರಿಸಿದರು. ಸುಧಾರಿಸಿತು. 1975ರಿಂದ ಟರ್ಬೊ ಎಂಜಿನಿನ 911 ಬಂದಾಗ ಬಲ ಹೆಚ್ಚಿ, ಹಳೆಯ ಭಯವೂ ಮರಳಿತು. ತಿರುವಿನ ನಡುವೆ ಕಾಲೆತ್ತಬೇಡ ಎಂಬುದು ಆ ಕಾರಿನವರ ಗುರುಮಂತ್ರವಾಯಿತು. ನಮ್ಮ ಹುಡುಗನಿಗೆ ಅವನ ಸ್ನೇಹಿತರು ಹೇಳಿದ ಬುದ್ಧಿಮಾತು ಅಲ್ಲಿಂದ ಇಳಿದುಬಂದದ್ದು.

ಇಲ್ಲಿ ರಬ್ಬರಿನ ಪ್ರವೇಶವಾಗುತ್ತದೆ. ಗಾಲಿ ಹಿಡಿದ ತೋಳನ್ನು ಕಾರಿನ ಒಡಲಿಗೆ ನೇರವಾಗಿ ಬೋಲ್ಟು ಹಾಕಿ ಬಿಗಿದರೆ ರಸ್ತೆಯ ಸದ್ದೆಲ್ಲ ಒಳಗೆ ಬರುತ್ತದೆ. ಅದಕ್ಕಾಗಿ ನಡುವೆ ರಬ್ಬರಿನ ಬುಶ್ಶು ಹಾಕುತ್ತಾರೆ. ರಬ್ಬರು ಬಗ್ಗುತ್ತದೆ. ಚಾಲಕ ಕಾಲೆತ್ತಿದಾಗ ಎಂಜಿನು ಗಾಲಿಯ ಓಟವನ್ನು ತಡೆಯುತ್ತದೆ, ರಸ್ತೆ ಗಾಲಿಯನ್ನು ಹಿಂದಕ್ಕೆ ಎಳೆಯುತ್ತದೆ. ತೋಳಿನ ಬುಡ ಗಾಲಿಗಿಂತ ಒಳಗಡೆ ಇರುವುದರಿಂದ, ಹಿಂದಕ್ಕೆ ಎಳೆಯಲ್ಪಟ್ಟ ಗಾಲಿ ಬಾಗಿಲು ತೆರೆದ ಹಾಗೆ ತುಸು ತಿರುಗಿ ಮೂಗನ್ನು ಹೊರಕ್ಕೆ ಮಾಡುತ್ತದೆ. ಭಾರ ಮುಂದಕ್ಕೆ ಹೋಗಿ ಹಿಂದಿನ ಟಯರು ಹಗುರಾಗುವುದೂ ಅದೇ ಗಳಿಗೆಯಲ್ಲಿ. ಹೀಗೆ ಎರಡೂ ಒಟ್ಟಿಗೆ ಬಂದು ಹೆದರಿದವನನ್ನೇ ಹಿಡಿಯುತ್ತವೆ. ಹೆದರದವನಿಗೆ ಏನೂ ಆಗುವುದಿಲ್ಲ.

ರಬ್ಬರು ತೆಗೆದುಬಿಡಿ ಎನ್ನುವುದು ಸುಲಭದ ಉತ್ತರ. ಪಂದ್ಯದ ಕಾರುಗಳವರು ಹಾಗೆಯೇ ಮಾಡುತ್ತಾರೆ. ಮನೆಯವರೊಂದಿಗೆ ಊರಿಗೆ ಹೋಗುವ ಕಾರಿನಲ್ಲಿ ಅದು ಆಗದು. ಪೋರ್ಶೆಯ ಎಂಜಿನಿಯರರು ಬೇರೆ ದಾರಿ ಹಿಡಿದರು. ಸ್ಟಟ್‌ಗಾರ್ಟಿಗೆ ಹತ್ತಿರದಲ್ಲಿ ವೈಸಾಖ್ ಎಂಬ ಹಳ್ಳಿಯಿದೆ. ಹೆಸರು ಕೇಳಿದರೆ ನಮಗೆ ವೈಶಾಖ ಮಾಸದ ನೆನಪಾಗುತ್ತದೆ. ಪೋರ್ಶೆಯವರ ಸಂಶೋಧನಾ ಕೇಂದ್ರ ಇರುವುದು ಅಲ್ಲಿ. 1977ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಬಂದ 928 ಎಂಬ ಕಾರಿನ ಹಿಂದಿನ ಆಕ್ಸಲಿಗೆ ಆ ಹಳ್ಳಿಯ ಹೆಸರನ್ನೇ ಇಟ್ಟರು. ಜೊತೆಗೆ ಆ ಹೆಸರಿನ ಅಕ್ಷರಗಳಿಗೆ ಜರ್ಮನ್ ಮಾತುಗಳನ್ನು ಹೊಂದಿಸಿದರು. ಅದರ ತಾತ್ಪರ್ಯ: ತನ್ನ ಕೋನವನ್ನು ತಾನೇ ಸರಿಮಾಡಿಕೊಂಡು ಸ್ಥಿರವಾಗುವ ಗುಣ.

ಅವರು ಮಾಡಿದ್ದಿಷ್ಟು. ಕೆಳಗಿನ ತೋಳಿನ ಮುಂದಿನ ತುದಿಯನ್ನು ಒಡಲಿಗೆ ನೇರವಾಗಿ ಕಟ್ಟದೆ, ನಡುವೆ ಒಂದು ಗಿಡ್ಡ ತುಂಡನ್ನು ಕೀಲಿನಂತೆ ಇಟ್ಟರು. ರಸ್ತೆ ಗಾಲಿಯನ್ನು ಹಿಂದಕ್ಕೆ ಎಳೆದಾಗ ಈ ಗಿಡ್ಡ ತುಂಡು ತೂಗಿ ಗಾಲಿಯ ಮೂಗನ್ನು ಒಳಕ್ಕೆ ಎಳೆಯುತ್ತದೆ. ಮೊದಲು ಕಾಲೆತ್ತಿದರೆ ಹೊರಕ್ಕೆ ತಿರುಗುತ್ತಿದ್ದ ಗಾಲಿ ಈಗ ಕಾಲೆತ್ತಿದರೆ ಒಳಕ್ಕೆ ತಿರುಗತೊಡಗಿತು. ಬಗ್ಗುವುದನ್ನು ಅವರು ನಿಲ್ಲಿಸಲಿಲ್ಲ. ಯಾವ ಕಡೆಗೆ ಬಗ್ಗಬೇಕೆಂಬುದನ್ನು ನಿರ್ಧರಿಸಿದರು, ಅಷ್ಟೇ. ಮರುವರ್ಷ, 1978ರಲ್ಲಿ, ಆ ಕಾರಿಗೆ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿ ಬಂತು. ಒಂದು ಕ್ರೀಡಾ ಕಾರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಅದೇ ಊರಿನ ಇನ್ನೊಂದು ಕಂಪನಿ ಮರ್ಸಿಡಿಸ್-ಬೆಂಝ್ 1982ರ ಕೊನೆಗೆ ತನ್ನ ಚಿಕ್ಕ ಕಾರು 190ರಲ್ಲಿ ಈ ವಿಚಾರವನ್ನು ಇನ್ನಷ್ಟು ವಿಂಗಡಿಸಿತು. ಗಾಳಿಯಲ್ಲಿ ತೇಲುವ ಯಾವುದೇ ಗಟ್ಟಿ ವಸ್ತುವಿಗೆ ಆರು ಬಗೆಯ ಚಲನೆ ಸಾಧ್ಯ: ಮೂರು ದಿಕ್ಕಿನಲ್ಲಿ ಸರಿಯುವುದು, ಮೂರು ರೀತಿಯಲ್ಲಿ ತಿರುಗುವುದು. ಒಂದು ಸರಳು ಕಟ್ಟಿದರೆ ಒಂದು ಚಲನೆ ನಿಲ್ಲುತ್ತದೆ. ಗಾಲಿಯ ಗುಂಬಕ್ಕೆ ಐದು ಸರಳು ಕಟ್ಟಿ ಐದು ಚಲನೆಗಳನ್ನು ನಿಲ್ಲಿಸಿ, ಆರನೆಯದಾದ ಏರಿಳಿತವೊಂದನ್ನೇ ಬಿಟ್ಟರು. ಈ ಐದರಲ್ಲಿ ಗಾಲಿಯ ಬೆರಳನ್ನು ಹಿಡಿದುಕೊಳ್ಳುವುದಕ್ಕೆಂದೇ ಒಂದು ಸರಳು. ಮೊದಲು ಒಂದೇ ತೋಳಿನೊಳಗೆ ಅಡಗಿದ್ದ ಕೆಲಸ ಈಗ ಬೇರೆಯಾಗಿ ಕಣ್ಣಿಗೆ ಕಾಣುವಂತಾಯಿತು. ಅದೇ ಟೋ ಲಿಂಕು. ಅಕ್ಕನ ಮಗನ ಊಟದ ಮೇಜಿನ ಮೇಲಿದ್ದದ್ದು ಅದರದೇ ಸಂತಾನ. ಪೋರ್ಶೆಯ 911ಗೂ ಇಂಥ ಹಲವು ಸರಳುಗಳ ಹಿಂಗಾಲು ಬಂದದ್ದು 1993ರಲ್ಲಿ, ಆ ಕಾರು ಹುಟ್ಟಿ ಮೂವತ್ತು ವರ್ಷ ತುಂಬಿದ ಮೇಲೆ.

ಜಪಾನಿನ ಮಾಜ್ದಾದವರು 1985ರ ಆರ್‌ಎಕ್ಸ್-7 ಕಾರಿನಲ್ಲಿ ಇನ್ನೂ ಜಾಣತನ ಮಾಡಿದರು. ಹಿಂದಿನ ಗಾಲಿಯ ಬುಶ್ಶುಗಳನ್ನು ಹೇಗೆ ಹದಗೊಳಿಸಿದರೆಂದರೆ, ತಿರುವಿನ ಆರಂಭದಲ್ಲಿ ಗಾಲಿ ತುಸು ಹೊರಕ್ಕೆ ನೋಡಿ ಕಾರು ಚುರುಕಾಗಿ ತಿರುಗಬೇಕು. ಬಲ ಒಂದು ಮಿತಿಯನ್ನು ದಾಟಿದ ಮೇಲೆ ಒಳಕ್ಕೆ ನೋಡಿ ಸ್ಥಿರವಾಗಬೇಕು. ಈ ಕಾರು ಹಳೆಯದಾದ ಮೇಲೆ ಅದನ್ನು ಕೊಂಡ ಉತ್ಸಾಹಿಗಳಲ್ಲಿ ಅನೇಕರು ಮೊದಲು ಮಾಡುವ ಕೆಲಸವೆಂದರೆ ಆ ಬುಶ್ಶನ್ನು ಕಿತ್ತು ಗಟ್ಟಿ ಲೋಹದ್ದನ್ನು ಹಾಕುವುದು. ಗಾಲಿ ಯಾವಾಗ ಎತ್ತ ನೋಡುತ್ತದೋ ಎಂಬ ಅನುಮಾನಕ್ಕಿಂತ, ಒಂದೇ ಕಡೆ ನೋಡಲಿ ಎಂಬುದು ಅವರ ವಾದ. ಪಂದ್ಯದ ಅಂಕಣದಲ್ಲಿ ಅದು ಸರಿಯಿರಬಹುದು. ಆದರೆ ಕಿತ್ತದ್ದು ಏನು ಕೆಲಸ ಮಾಡುತ್ತಿತ್ತೆಂಬುದನ್ನು ತಿಳಿದು ಕೀಳುವವರು ಎಷ್ಟು ಜನ?

ಮತ್ತೆ ಆ ಎರಡು ಪೊಟ್ಟಣಗಳಿಗೆ ಬರುತ್ತೇನೆ. ಎರಡನೆಯದರಲ್ಲಿ ಏನಿದೆಯೆಂದು ಸಂಜೆ ಕೇಳಿದೆ. ಕೆಳಗಿನ ತೋಳಿನ ಮುಂದಿನ ಬುಡಕ್ಕೆ ರಬ್ಬರಿನ ಬದಲು ಹಾಕುವ ಲೋಹದ ಗುಂಡುಗಳಂತೆ.

"ಎಲ್ಲಾ ಗಟ್ಟಿ ಮಾಡಿಬಿಟ್ರೆ ಗಾಡಿ ಕಲ್ಲಿನ ಹಾಗೆ ನಿಲ್ಲತ್ತೆ ಮಾಮ" ಎಂದ.

"ಕಲ್ಲಿನ ಹಾಗೆ ನಿಲ್ಲೋದು ಬೇಕೋ, ಓಡೋದು ಬೇಕೋ?" ಎಂದೆ.

ಶನಿವಾರ ಅವನ ಕಾರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗ್ಯಾರೇಜಿಗೆ ಒಯ್ದು ಎತ್ತಿ ನೋಡಿದೆವು. ಅವನ ಕಾರಿನಲ್ಲಿ ಟೋ ಲಿಂಕು ಗಾಲಿಯ ಅಚ್ಚಿಗಿಂತ ಹಿಂದಕ್ಕಿತ್ತು. ಇದು ಮುಖ್ಯ. ತಿರುವಿನಲ್ಲಿ ರಸ್ತೆ ಹೊರಗಿನ ಗಾಲಿಯನ್ನು ಒಳಕ್ಕೆ ತಳ್ಳುತ್ತದೆ. ಆಗ ಅಚ್ಚಿನ ಹಿಂದಿರುವ ಸರಳು ಬಗ್ಗಿದರೆ ಗಾಲಿಯ ಹಿಂಭಾಗ ಒಳಕ್ಕೆ ಹೋಗಿ ಮೂಗು ಹೊರಕ್ಕೆ ಬರುತ್ತದೆ. ಆ ಸರಳು ಗಟ್ಟಿಯಾಗಿದ್ದು ಮುಂದಿನ ತೋಳು ತುಸು ಬಗ್ಗಿದರೆ ಮೂಗು ಒಳಕ್ಕೆ ಹೋಗುತ್ತದೆ. ಆದ್ದರಿಂದ ಹಿಂದಿನ ಸರಳು ಗಟ್ಟಿ, ಮುಂದಿನದು ಮೆತ್ತಗೆ ಇರಬೇಕು. ಟೋ ಲಿಂಕು ಅಚ್ಚಿನ ಮುಂದಿದ್ದಿದ್ದರೆ ಲೆಕ್ಕ ತಿರುಗುಮುರುಗು. ಇದನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಹುಡುಗ ಬಹಳ ಹೊತ್ತು ನೋಡಿದ. "ಹಾಗಾದ್ರೆ ಎರಡನೇ ಪೊಟ್ಟಣ?" ಎಂದ. "ವಾಪಸ್ ಕಳಿಸು. ಅಲ್ಲಿಗೆ ಹೊಸ ರಬ್ಬರೇ ಹಾಕು" ಎಂದೆ.

ಹಳೆಯ ಟೋ ಲಿಂಕಿನ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು, ಕಾಯಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತೆಗೆಯುವಷ್ಟರಲ್ಲಿ ಎರಡು ಗಂಟೆಯ ಬಾಡಿಗೆ ಏರಿತು. ಎಡಗಡೆಯ ಸರಳಿನ ಒಳತುದಿಯ ರಬ್ಬರು ಸುತ್ತಲೂ ಸೀಳಿತ್ತು. ನಡುವಿನ ಉಕ್ಕಿನ ಕೊಳವೆಯನ್ನು ಬೆರಳಲ್ಲಿ ಒತ್ತಿದರೆ ಮೂರು ನಾಲ್ಕು ಮಿಲಿಮೀಟರು ಆಡುತ್ತಿತ್ತು. ಸುತ್ತುದಾರಿಯಲ್ಲಿ ಆ ಸಂಜೆ ಗಾಲಿಯ ಮೂಗು ಎತ್ತ ತಿರುಗಿರಬಹುದೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಹೊಸ ಸರಳಿನ ಒಳತುದಿಯನ್ನು ಹಿಡಿಯುವ ಬೋಲ್ಟಿಗೆ ಎರಡು ಕಡೆಯೂ ಆಸರೆಯಿರುವಂತೆ ಒಂದು ಕವೆ ಕೊಟ್ಟಿದ್ದರು. ಬಾವಿಯ ರಾಟೆಯನ್ನು ನೋಡಿದವರಿಗೆ ಇದು ಗೊತ್ತು. ರಾಟೆಯ ಅಚ್ಚು ಎರಡು ಕಂಬಗಳ ನಡುವೆ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ. ಒಂದೇ ಕಂಬದಿಂದ ಚಾಚಿಕೊಂಡಿದ್ದರೆ ಪ್ರತಿ ಕೊಡಕ್ಕೂ ಬಾಗಿ ಬಾಗಿ ಒಂದು ದಿನ ಬುಡದಲ್ಲಿ ಮುರಿಯುತ್ತದೆ. ಹಗುರವಾದ ಕಾರುಗಳನ್ನು ಪಂದ್ಯದಲ್ಲಿ ಓಡಿಸುವವರು ಟೋ ಲಿಂಕು ಬದಲಿಸುವುದು ಹೆಚ್ಚಾಗಿ ಈ ಕಾರಣಕ್ಕೇ. ಉಳಿದ ಯಾವ ಸರಳು ಮುರಿದರೂ ಗಾಲಿ ವಾಲಬಹುದು. ಇದು ಮುರಿದರೆ ಹಿಂದಿನ ಗಾಲಿ ತನಗೆ ಬೇಕಾದತ್ತ ತಿರುಗುತ್ತದೆ.

ಸರಳಿನ ಉದ್ದವನ್ನು ಹಳೆಯದಕ್ಕೆ ಸಮನಾಗಿ ಇಟ್ಟೆವು. ಒಳತುದಿಯ ಎತ್ತರವೂ ಮೊದಲಿನದೇ. ಇವು ತಪ್ಪಿದರೆ ಗಾಲಿ ಗುಂಡಿಯಲ್ಲಿ ಏರಿಳಿದಾಗಲೆಲ್ಲ ಬೆರಳು ಒಳಗೆ ಹೊರಗೆ ಆಡುತ್ತದೆ. ಆಮೇಲೆ ಕಾರಿನ ಎರಡು ಪಕ್ಕಕ್ಕೂ ಉದ್ದಕ್ಕೆ ದಾರ ಕಟ್ಟಿ, ಎರಡು ದಾರಗಳೂ ಸಮಾನಾಂತರವಾಗಿವೆಯೇ ಎಂದು ನೋಡಿಕೊಂಡು, ರಿಮ್ಮಿನ ಮುಂದಿನ ಅಂಚು ದಾರದಿಂದ ಎಷ್ಟು, ಹಿಂದಿನ ಅಂಚು ಎಷ್ಟು ಎಂದು ಉಕ್ಕಿನ ಸ್ಕೇಲಿನಿಂದ ಅಳೆದೆವು. ಶಿವಮೊಗ್ಗದ ಮೇಸ್ತ್ರಿ ಹೀಗೆಯೇ ಅಳೆಯುತ್ತಿದ್ದ. ಸರಳಿನ ಒಂದು ತುದಿಗೆ ಬಲ ಮರೆ, ಇನ್ನೊಂದಕ್ಕೆ ಎಡ ಮರೆ ಇರುವುದರಿಂದ ನಡುವೆ ಹಿಡಿದು ತಿರುಗಿಸಿದರೆ ಉದ್ದ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾಗುತ್ತದೆ. ಎರಡು ಗಾಲಿಗಳೂ ಒಂದೇ ಸಮ ಒಳಕ್ಕೆ ನೋಡುವಂತೆ ಮಾಡಿ ಚೆಕ್ ನಟ್ಟು ಬಿಗಿದೆವು. ನಂತರ ಯಂತ್ರದಲ್ಲಿಯೂ ಅಳೆಸಿದ. ನಮ್ಮ ದಾರದ ಲೆಕ್ಕಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲವೆಂದು ನನಗೆ ಒಳಗೊಳಗೇ ಖುಷಿಯಾಯಿತು. ಆ ದೇಶದಲ್ಲಿ ಇಂಥ ಭಾಗವನ್ನು ಬದಲಿಸಿದರೆ ತಪಾಸಣೆಯವರಿಗೆ ತೋರಿಸಿ ಕಾಗದಪತ್ರಗಳಲ್ಲಿ ದಾಖಲು ಮಾಡಿಸಬೇಕು. ಅದೂ ಆಯಿತು.

2013ರಲ್ಲಿ ಬಂದ 911ರ ಕೆಲವು ಮಾದರಿಗಳಲ್ಲಿ ಪೋರ್ಶೆಯವರು ಈ ಸರಳಿನ ಜಾಗದಲ್ಲಿ ವಿದ್ಯುತ್ತಿನಿಂದ ಉದ್ದ ಗಿಡ್ಡವಾಗುವ ಯಂತ್ರವನ್ನೇ ಇಟ್ಟರು. ವೇಗ ಗಂಟೆಗೆ 50 ಕಿಲೋಮೀಟರಿಗಿಂತ ಕಡಿಮೆಯಿದ್ದಾಗ ಹಿಂದಿನ ಗಾಲಿ ಮುಂದಿನದಕ್ಕೆ ವಿರುದ್ಧವಾಗಿ ತಿರುಗುತ್ತದೆ. 80 ದಾಟಿದರೆ ಮುಂದಿನ ಗಾಲಿ ತಿರುಗಿದ ಕಡೆಗೇ ತುಸು ತಿರುಗಿ ಬಾಲವನ್ನು ಹಿಡಿದುಕೊಳ್ಳುತ್ತದೆ. ಚಾಲಕನನ್ನು ಕೇಳದೆ ತಿರುಗುತ್ತಿದ್ದ ಗಾಲಿ ಈಗಲೂ ಅವನನ್ನು ಕೇಳುವುದಿಲ್ಲ. ಆದರೆ ಅವನ ಪರವಾಗಿ ತಿರುಗಲು ಕಲಿತಿದೆ.

ನಾನು ಹೊರಡುವ ಹಿಂದಿನ ಭಾನುವಾರ ಹುಡುಗ ಒಂದು ಖಾಲಿ ಮೈದಾನಕ್ಕೆ ಕರೆದೊಯ್ದ. ಹಿಂದಿನ ರಾತ್ರಿ ಮಳೆ ಬಂದು ಡಾಂಬರು ಒದ್ದೆಯಾಗಿತ್ತು. ದೊಡ್ಡ ವೃತ್ತದಲ್ಲಿ ಕಾರನ್ನು ಸುತ್ತಿಸುತ್ತ ನಿಧಾನವಾಗಿ ವೇಗ ಏರಿಸಿ, ಬೇಕೆಂದೇ ಕಾಲೆತ್ತಿದ. ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಕಾರು ಮೂಗನ್ನು ತುಸು ಒಳಕ್ಕೆ ಮಾಡಿ, ವೃತ್ತವನ್ನು ಸ್ವಲ್ಪ ಕಿರಿದು ಮಾಡಿಕೊಂಡು, ಸುಮ್ಮನೆ ನಿಧಾನವಾಯಿತು. ಮತ್ತೆ ಮಾಡಿದ. ಮತ್ತೆ ಹಾಗೆಯೇ. ಐದಾರು ಸಲ ಆದ ಮೇಲೆ ನಿಲ್ಲಿಸಿ, ಇಳಿದು, ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದ ಹೆಂಡತಿಯ ಹತ್ತಿರ ಹೋದ. ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ.

ಅವಳು ಬಂದು ಕಿಟಕಿಯ ಹತ್ತಿರ ಬಗ್ಗಿ, "ಕಾಲೆತ್ತಿದ್ರಾ ಮಾವ ಇವರು? ನಿಜವಾಗ್ಲೂ?" ಎಂದು ಕೇಳಿದಳು.

"ಎತ್ತಿದ ಕಣಮ್ಮ. ಹೆದರಿದವರ ಹಾಗೇ ಎತ್ತಿದ. ಆದ್ರೆ ವೇಗಕ್ಕೆ ಒಂದು ಮಿತಿ ಇದ್ದೇ ಇದೆ, ಅದನ್ನೂ ಹೇಳಿದೀನಿ" ಎಂದೆ.

ಅವಳು ಸ್ವಲ್ಪ ಹೊತ್ತು ಹಿಂದಿನ ಗಾಲಿಯನ್ನೇ ನೋಡುತ್ತ ನಿಂತಳು. ಆಮೇಲೆ ಮುಂದಿನ ಸೀಟನ್ನು ಬಗ್ಗಿಸಿ, ಮಗುವಿನ ಕುರ್ಚಿಯ ಪಟ್ಟಿ ಎಲ್ಲಿ ಕಟ್ಟುವುದೆಂದು ಹುಡುಕತೊಡಗಿದಳು.